ಕಾಣದ ಕಡೆ ಕೈ ಹಾಕಬೇಡಿ: ಕಸ ಸಾಗಿಸುವವರ ಸುರಕ್ಷತೆಗೆ ಒಂದು ಸಮಗ್ರ ಮಾರ್ಗದರ್ಶಿ

ಕಸದ ಚೀಲ ಎತ್ತುವಾಗ ನಮ್ಮ ಕೈ ತಾನಾಗೇ ಒಂದು ಕೆಲಸ ಮಾಡುತ್ತದೆ. ಒಂದು ಕೈ ಚೀಲದ ಕತ್ತು ಹಿಡಿಯುತ್ತದೆ, ಇನ್ನೊಂದು ಕೈ ಚೀಲದ ತಳಕ್ಕೆ ಹೋಗುತ್ತದೆ. ಅಕ್ಕಿ ಮೂಟೆ ಎತ್ತಿ ಪಳಗಿದ ಕೈ ಅದು. ಅಕ್ಕಿ ಮೂಟೆಗೆ ಅದು ಸರಿ. ಕಸದ ಚೀಲದ ತಳದಲ್ಲಿ ಮಾತ್ರ ಒಡೆದ ಗಾಜು, ಬ್ಲೇಡು, ಯಾರೋ ಇನ್ಸುಲಿನ್ ಚುಚ್ಚಿಕೊಂಡು ಎಸೆದ ಸೂಜಿ ಇರುತ್ತವೆ. ಭಾರವಾದದ್ದು, ಚೂಪಾದದ್ದು ಎಲ್ಲ ಇಳಿದು ಅಲ್ಲೇ ಕೂತಿರುತ್ತದೆ.

ಬೆಂಗಳೂರಿನಲ್ಲಿ ಕಸ ಸಾಗಿಸುವ ಗುತ್ತಿಗೆಯೊಂದರಲ್ಲಿ ನಾನು ಮೇಲ್ವಿಚಾರಕನಾಗಿದ್ದಾಗ ಕಣ್ಣೆದುರೇ ಹೀಗಾಯಿತು. ಹೆಲ್ಪರ್ ಅಕ್ಕ ಒಬ್ಬರು ಚೀಲ ಎತ್ತಿದರು, ತಳಕ್ಕೆ ಕೈ ಕೊಟ್ಟರು, ತಟ್ಟನೆ ಕೈ ಹಿಂದೆ ಎಳೆದುಕೊಂಡರು. ಗ್ಲೌಸ್ ತೆಗೆದರೆ ಅಂಗೈಯಲ್ಲಿ ಸಾಸಿವೆ ಕಾಳಿನಷ್ಟು ರಕ್ತ. ಗುತ್ತಿಗೆದಾರರಿಗೆ ಫೋನ್ ಮಾಡಿದೆ. "ಸೂಜಿ ತಾನೆ, ತೊಳ್ಕೊಂಡು ಕೆಲ್ಸ ಮುಗ್ಸೋಕೆ ಹೇಳಿ" ಅಂದರು. ನಾನೂ ಹಾಗೇ ಹೇಳಿದೆ. ಅವರು ಆಸ್ಪತ್ರೆಗೆ ಹೋಗಿದ್ದು ಮಾರನೇ ದಿನ. ತಿಂಗಳುಗಟ್ಟಲೆ ಪರೀಕ್ಷೆ ನಡೆದು ಕೊನೆಗೆ ಎಲ್ಲ ಸರಿಯಿದೆ ಅಂತ ಬಂತು. ಆದರೆ ಅಷ್ಟು ದಿನವೂ ಅವರು ಮಗುವಿಗೆ ತುತ್ತು ಕಲಸಿ ಕೊಡಲು ಹೆದರುತ್ತಿದ್ದರು. ಊಟದಿಂದ ಎಚ್‌ಐವಿ ಹರಡುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ನನಗೇ ಸರಿಯಾಗಿ ಗೊತ್ತಿರಲಿಲ್ಲ.

ಆಮೇಲೆ ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಆಟೊ ಟಿಪ್ಪರ್ ಡ್ರೈವರ್, ಹೆಲ್ಪರ್, ಪೌರಕಾರ್ಮಿಕರು, ಮೇಸ್ತ್ರಿ, ಒಣ ಕಸ ಘಟಕ ನಡೆಸುವವರು, ಸಣ್ಣ ಗುತ್ತಿಗೆದಾರರು, ಎಲ್ಲರಿಗೂ ಇದು ಬೇಕಾಗುತ್ತದೆ. ಒಂದು ಮಾತನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದ ಅಪಾಯಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: ಒಳಗೆ ಏನಿದೆ ಎಂದು ಕಾಣದ ಜಾಗಕ್ಕೆ ಕೈಯೋ, ಕಾಲೋ, ಇಡೀ ಮೈಯೋ ಹೋಗುವುದು. ಚೀಲದ ತಳ, ಕಸ ಒತ್ತಿ ತುಂಬಿಕೊಳ್ಳುವ ಗಾಡಿಯ, ಅಂದರೆ ಕಾಂಪ್ಯಾಕ್ಟರಿನ ಬಾಯಿ, ಲಾರಿಯ ಹಿಂಭಾಗ, ಗುಂಡಿಯ ಒಳಗೆ. ಎಲ್ಲಕ್ಕೂ ಇದೇ ಸೂತ್ರ.

ಹೆಜ್ಜೆ 1: ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಮುಗಿಸಬೇಕಾದ್ದು

ಹೊಸಬರು ಬಂದ ದಿನವೇ ಗಾಡಿ ಹತ್ತಿಸಬೇಡಿ. ಮೊದಲು ಮೂರು ಕೆಲಸ ಆಗಲಿ.

ಒಂದು, ಲಸಿಕೆ. ಹೆಪಟೈಟಿಸ್ ಬಿ ಲಸಿಕೆ ಮೂರು ಸಲ ಹಾಕಿಸಬೇಕು: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ. ಈ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಜೀವಂತ ಇರುತ್ತದೆ. ಸೂಜಿ ಹಳೆಯದು, ಒಣಗಿದೆ, ಏನೂ ಆಗಲ್ಲ ಎನ್ನುವ ಮಾತು ಅದಕ್ಕೇ ಸುಳ್ಳು. ಜೊತೆಗೆ ಟಿಟನಸ್ ಇಂಜೆಕ್ಷನ್ ಹಾಕಿಸಿ, ಹಾಕಿಸಿದ ತಾರೀಕು ಬರೆದಿಡಿ. ಅನೇಕರಿಗೆ ಒಂದನೇ ಡೋಸ್ ಆಗಿರುತ್ತದೆ, ಆರನೇ ತಿಂಗಳಿನದು ಮರೆತೇ ಹೋಗಿರುತ್ತದೆ. ಅದನ್ನು ನೆನಪಿಸುವುದು ಮೇಲ್ವಿಚಾರಕರ ಕೆಲಸ.

ಎರಡು, ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರು ಇದರೊಳಗೆ ಬರುತ್ತಾರೆ. ಕೆಲಸದಲ್ಲಿ ಗಾಯವಾಗಿ ಮನೆಯಲ್ಲಿ ಕೂರಬೇಕಾದರೆ ಸಂಬಳದ ಶೇ 90ರಷ್ಟು ಹಣ ಬರುತ್ತದೆ. ಬರೀ ಸಂಬಳದಲ್ಲಿ ಹಣ ಹಿಡಿದುಕೊಂಡರೆ ಸಾಲದು. ನಂಬರ್ ಅವರ ಕೈಗೆ ಸಿಗಬೇಕು, ಫೋನಿನಲ್ಲಿ ಅದರ ಫೋಟೊ ಇರಬೇಕು. ಗಾಯ ಆದ ದಿನ ನಂಬರ್ ಹುಡುಕುತ್ತಾ ಕೂರುವುದನ್ನು ನೋಡಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ. ಇಎಸ್‌ಐ ಇಲ್ಲದವರಿಗೂ ಕೆಲಸದಲ್ಲಿ ಗಾಯವಾದರೆ ಪರಿಹಾರ ಕೊಡುವ ಹೊಣೆ ಕಾನೂನಿನ ಪ್ರಕಾರ ಕೆಲಸ ಕೊಟ್ಟವರದ್ದೇ.

ಮೂರು, ಒಂದು ದಿನದ ತರಬೇತಿ. ಹಳಬರೊಬ್ಬರ ಜೊತೆ ಬಿಡಿ. ಚೀಲ ಎತ್ತುವುದು, ಕಾಂಪ್ಯಾಕ್ಟರ್ ನಿಲ್ಲಿಸುವ ಕೆಂಪು ಬಟನ್ ಎಲ್ಲಿದೆ, ಸೂಜಿ ಚುಚ್ಚಿದರೆ ಎಲ್ಲಿಗೆ ಓಡಬೇಕು. ಮೊದಲ ದಿನಕ್ಕೆ ಇಷ್ಟು ಗೊತ್ತಾದರೆ ಸಾಕು.

ಹೆಜ್ಜೆ 2: ಮೈಮೇಲೆ ಏನಿರಬೇಕು

2016ರ ಘನತ್ಯಾಜ್ಯ ನಿಯಮಗಳು ಸಮವಸ್ತ್ರ, ಹೊಳೆಯುವ ಜಾಕೆಟ್, ಗ್ಲೌಸ್, ರೇನ್‌ಕೋಟ್, ಸರಿಯಾದ ಪಾದರಕ್ಷೆ, ಮಾಸ್ಕ್ ಇಷ್ಟನ್ನೂ ಹೆಸರು ಹೇಳಿಯೇ ಪಟ್ಟಿ ಮಾಡಿದ್ದವು. ಕೊಡುವ ಹೊಣೆ ಕೆಲಸ ನಡೆಸುವವರದ್ದು. ಕಾರ್ಮಿಕರ ಸಂಬಳದಿಂದ ಇದಕ್ಕೆ ಹಣ ಮುರಿದುಕೊಳ್ಳಬಾರದು.

ಗ್ಲೌಸ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಂಗೈ ಮೇಲೆ ಚುಕ್ಕಿ ಚುಕ್ಕಿ ಇರುವ ಹತ್ತಿಯ ಗ್ಲೌಸ್ ಎಲ್ಲಾ ಕಡೆ ಸಿಗುತ್ತದೆ, ಅಗ್ಗ. ಆದರೆ ಹಸಿ ಕಸ ಮುಟ್ಟಿದ ಹತ್ತು ನಿಮಿಷಕ್ಕೆ ಅದು ಒದ್ದೆ ಬಟ್ಟೆ. ದಿನವಿಡೀ ಕೊಳೆತ ನೀರಿನಲ್ಲಿ ಕೈ ನೆನೆದಿರುತ್ತದೆ, ಬೆರಳ ಸಂದಿಯಲ್ಲಿ ಚರ್ಮ ಬಿರಿಯುತ್ತದೆ. ಅಂಗೈ ಭಾಗಕ್ಕೆ ನೈಟ್ರೈಲ್ ಎಂಬ ರಬ್ಬರಿನ ಲೇಪನ ಇರುವ, ಕೊಯ್ತ ತಡೆಯುವ ಗ್ಲೌಸ್ ತನ್ನಿ. ಒಬ್ಬರಿಗೆ ಎರಡು ಜೊತೆ ಬೇಕು: ಒಂದು ಕೈಯಲ್ಲಿ, ಒಂದು ಒಣಗಲು. ಅಳತೆಯೂ ಮುಖ್ಯ. ಗಂಡಸರ ಅಳತೆಯ ಗ್ಲೌಸ್ ಹೆಣ್ಣುಮಕ್ಕಳ ಕೈಯಲ್ಲಿ ಜಾರುತ್ತದೆ, ಜಾರಿದರೆ ಅವರು ತೆಗೆದಿಡುತ್ತಾರೆ. ಅದು ಅವರ ತಪ್ಪಲ್ಲ, ಅಳತೆ ನೋಡದೆ ತಂದವರ ತಪ್ಪು.

ಇನ್ನೊಂದು ವಿಷಯ. ಎಷ್ಟೇ ದುಡ್ಡು ಕೊಟ್ಟ ಗ್ಲೌಸ್ ಆದರೂ ಇಂಜೆಕ್ಷನ್ ಸೂಜಿಯನ್ನು ಪೂರ್ತಿ ತಡೆಯುತ್ತದೆ ಎಂದು ನಂಬಬೇಡಿ. ಗ್ಲೌಸ್‌ಗಳ ಸಾಮಾನ್ಯ ಚುಚ್ಚು ಪರೀಕ್ಷೆಯಲ್ಲಿ ಬಳಸುವ ಉಕ್ಕಿನ ಮೊಳೆ ಸೂಜಿಗಿಂತ ಎಷ್ಟೋ ದಪ್ಪ. ಗ್ಲೌಸ್ ಹಾಕಿದ್ದೀನಿ ಅನ್ನೋ ಧೈರ್ಯದಲ್ಲಿ ಚೀಲದ ಒಳಗೆ ಕೈ ಹಾಕಬೇಡಿ.

ಕಾಲಿಗೆ ಚಪ್ಪಲಿ ಬೇಡವೇ ಬೇಡ. ಐಎಸ್ 15298 ಗುರುತಿರುವ ಸೇಫ್ಟಿ ಶೂ ಕೊಂಡರೆ ಬೆರಳುಗಳ ಮೇಲೆ ಗಟ್ಟಿ ಕವಚ ಇರುತ್ತದೆ. ಅಂಗಾಲಿನ ಭಾಗದಲ್ಲೂ ತಗಡು ಇರುವುದನ್ನೇ ಕೇಳಿ ಪಡೆಯಿರಿ, ಏಕೆಂದರೆ ಮೊಳೆ ಬರುವುದು ಕೆಳಗಿನಿಂದ. ಮಳೆಗಾಲಕ್ಕೆ ಗಂಬೂಟು.

ಬೆಂಗಳೂರಿನ ಪೌರಕಾರ್ಮಿಕರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಸೀರೆ ಮೇಲೆ ಕೋಟು ಹಾಕಿ ಕೆಲಸ ಮಾಡುತ್ತಾರೆ. ಸೆರಗು ಪೂರ್ತಿ ಕೋಟಿನ ಒಳಗೆ ಸೇರಿ ಗುಂಡಿ ಹಾಕಿರಬೇಕು. ವೇಲ್ ಬೇಡ, ಜಡೆ ಕಟ್ಟಿ ಒಳಗೆ ಸೇರಿಸಿ, ಗಾಜಿನ ಬಳೆ ಬೇಡ. ತಿರುಗುವ ಯಂತ್ರಕ್ಕೆ ಬಟ್ಟೆಯ ಒಂದು ತುದಿ ಸಿಕ್ಕರೆ ಸಾಕು, ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ.

ಮಾಸ್ಕ್ ಧೂಳಿಗೆ. ಒಣ ಕಸ ವಿಂಗಡಿಸುವಾಗ, ಗುಡಿಸುವಾಗ, ಗೊಬ್ಬರದ ರಾಶಿ ತಿರುವುವಾಗ ಎನ್95 ಹಾಕಿ. ಗುಡಿಸುವ ಮುಂಚೆ ಸ್ವಲ್ಪ ನೀರು ಚಿಮುಕಿಸಿದರೆ ಅರ್ಧ ಧೂಳು ಅಲ್ಲೇ ಅಡಗುತ್ತದೆ. ಆದರೆ ಈ ಮಾಸ್ಕ್ ವಿಷಗಾಳಿಯನ್ನು ತಡೆಯುವುದಿಲ್ಲ. ಹೆಜ್ಜೆ 8ಕ್ಕೆ ಬಂದಾಗ ಇದನ್ನು ನೆನಪಿಡಿ.

ಹೆಜ್ಜೆ 3: ಗಾಡಿ ಹೊರಡುವ ಮುಂಚೆ ಐದು ನಿಮಿಷ

ಬ್ರೇಕ್, ಟೈರ್, ರಿವರ್ಸ್ ಹಾರ್ನ್, ಹಿಂದಿನ ಲೈಟು, ಎರಡೂ ಕನ್ನಡಿ. ಕಾಂಪ್ಯಾಕ್ಟರ್ ಆದರೆ ಹಿಂಬದಿಯ ಕೆಂಪು ಬಟನ್ ಒತ್ತಿ ನೋಡಿ, ಯಂತ್ರ ನಿಲ್ಲಬೇಕು. ನಿಲ್ಲದಿದ್ದರೆ ಗಾಡಿ ಹೊರಡಬಾರದು. ಗಾಡಿಯಲ್ಲಿ ಇವಿಷ್ಟು ಇರಲಿ: ಹತ್ತು ಲೀಟರ್ ಶುದ್ಧ ನೀರು, ಸೋಪು, ಪ್ರಥಮ ಚಿಕಿತ್ಸೆ ಡಬ್ಬಿ, ಉದ್ದ ಹಿಡಿಯ ಕೊಕ್ಕೆ ಅಥವಾ ಪಂಜ, ಚೂಪು ವಸ್ತು ಹಾಕಲು ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬ, ಒಂದು ಬಕೆಟ್ ಒಣ ಮರಳು. ಮರಳು ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೆಜ್ಜೆ 4: ಚೀಲ ಎತ್ತುವುದು

ಮೊದಲು ನೋಡಿ. ಚೀಲದಿಂದ ಏನಾದರೂ ಚುಚ್ಚಿಕೊಂಡು ಹೊರಗೆ ಬಂದಿದೆಯಾ? ಕಾಲಿನ ಶೂ ತುದಿಯಿಂದ ಮೆಲ್ಲಗೆ ತಳ್ಳಿ ನೋಡಿ. ಗಾಜು ಇದ್ದರೆ ಸದ್ದು ಕೇಳುತ್ತದೆ. ಭಾರ ಎಷ್ಟಿದೆ ಅಂತಲೂ ತಿಳಿಯುತ್ತದೆ.

ಆಮೇಲೆ ಚೀಲದ ಕತ್ತನ್ನು ಮಾತ್ರ ಹಿಡಿಯಿರಿ. ತಳಕ್ಕೆ ಕೈ ಬೇಡ. ಚೀಲ ತೊಡೆಗೆ, ಮೊಣಕಾಲಿಗೆ ತಾಗದ ಹಾಗೆ ಮೈಯಿಂದ ಒಂದು ಗೇಣು ದೂರ ಹಿಡಿದು ನಡೆಯಿರಿ. ಬೆನ್ನ ಮೇಲೆ, ಹೆಗಲ ಮೇಲೆ ಹಾಕಿಕೊಳ್ಳಬೇಡಿ. ಜಾಗ ಸಾಲದು ಎಂದು ಕೈಯಿಂದ ಒತ್ತುವುದು, ಕಾಲಿಂದ ತುಳಿಯುವುದು ಮಾಡಬೇಡಿ. ಸೂಜಿ ಚುಚ್ಚುವ ಸಂದರ್ಭಗಳಲ್ಲಿ ಇದೂ ಒಂದು. ಚೀಲ ಹರಿದು ಚೆಲ್ಲಿದರೆ ಕೈಯಿಂದ ಬಾಚಬೇಡಿ, ಸಲಿಕೆ ಮತ್ತು ಪೊರಕೆ ತೆಗೆದುಕೊಳ್ಳಿ.

ಭಾರದ ಮಾತು. ಒಬ್ಬರೇ ಎತ್ತುವ ಭಾರ 25 ಕೆಜಿ ದಾಟಬಾರದು, ಹೆಣ್ಣುಮಕ್ಕಳಿಗೆ ಅದಕ್ಕಿಂತ ಕಡಿಮೆ. 120 ಲೀಟರಿನ ಡ್ರಮ್ಮಿನ ತುಂಬ ಹಸಿ ಕಸ ಇದ್ದರೆ 50 ಕೆಜಿ ಸುಲಭವಾಗಿ ದಾಟುತ್ತದೆ. ಅದನ್ನು ಇಬ್ಬರು ಎತ್ತಬೇಕು, ಅಥವಾ ಚಕ್ರದ ಡ್ರಮ್ ಇರಬೇಕು. ಮೊಣಕಾಲು ಬಗ್ಗಿಸಿ ಎತ್ತಿ. ಎತ್ತಿದ ಮೇಲೆ ಸೊಂಟ ತಿರುಚಬೇಡಿ, ಪಾದ ತಿರುಗಿಸಿ ನಿಲ್ಲಿ. ಬೆನ್ನು ಒಂದೇ ದಿನಕ್ಕೆ ಹಾಳಾಗುವುದಿಲ್ಲ. ದಿನಕ್ಕೆ ನೂರು ಸಲ ತಿರುಚಿದ ಸೊಂಟ ನಲವತ್ತನೇ ವಯಸ್ಸಿಗೆ ಲೆಕ್ಕ ಕೇಳುತ್ತದೆ.

ಆಯುಧಪೂಜೆಯ ಮಾರನೇ ದಿನ ಬೀದಿ ತುಂಬ ಒಡೆದ ಬೂದುಗುಂಬಳ, ಬಾಳೆಕಂದು. ಬಾಳೆಕಂದು ಪೂರ್ತಿ ನೀರು, ನೋಡಿದ್ದಕ್ಕಿಂತ ಭಾರ. ಕುಂಬಳದ ಹೋಳು ತುಳಿದರೆ ಎಣ್ಣೆ ಮೇಲೆ ಕಾಲಿಟ್ಟ ಹಾಗೆ ಜಾರುತ್ತದೆ. ಆ ದಿನ ಕೆಲಸ ದುಪ್ಪಟ್ಟು ಇರುವುದು ವರ್ಷಕ್ಕೆ ಮುಂಚೆಯೇ ಗೊತ್ತಿರುತ್ತದೆ, ಅಲ್ವಾ? ಜನವನ್ನೂ ಗಾಡಿಯನ್ನೂ ಮೊದಲೇ ಹೆಚ್ಚಿಸಿ. ಇರುವವರನ್ನೇ ಓಡಿಸಬೇಡಿ.

ಮನೆಯವರಿಗೆ ಒಂದು ಮಾತು

ಇದನ್ನು ಓದುತ್ತಿರುವವರಲ್ಲಿ ಕಸ ಕೊಡುವವರೂ ಇರುತ್ತೀರಿ. ನಿಮ್ಮಿಂದ ಆಗುವ ಸಹಾಯ ದೊಡ್ಡದು. ಇನ್ಸುಲಿನ್ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿ ಮಾಡಿ, ಬೇರೆಯಾಗಿ ಕೈಗೆ ಕೊಡಿ. ಒಡೆದ ಲೋಟವನ್ನು ನಾಲ್ಕು ಪದರ ಪೇಪರಿನಲ್ಲಿ ಸುತ್ತಿ ಮೇಲೆ "ಗಾಜು" ಅಂತ ಬರೆಯಿರಿ. ಪ್ಯಾಡ್, ಡೈಪರ್ ಪೇಪರಿನಲ್ಲಿ ಸುತ್ತಿ ಕೆಂಪು ಚುಕ್ಕಿ ಇಡಿ. ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬಿನಲ್ಲಿ ಪಾದರಸ ಇದೆ, ಒಡೆಯದೆ ಕೊಡಿ. ಇವೆಲ್ಲ ನಿಮಗೆ ವಾರಕ್ಕೆ ಐದು ನಿಮಿಷದ ಕೆಲಸ.

ಹೆಜ್ಜೆ 5: ಸೂಜಿ ಚುಚ್ಚಿದರೆ

ಈ ಭಾಗವನ್ನು ಕತ್ತರಿಸಿ ಗಾಡಿಯ ಬಾಗಿಲಿಗೆ ಅಂಟಿಸಿದರೂ ಸರಿ.

ಕೆಲಸ ಅಲ್ಲೇ ನಿಲ್ಲಿಸಿ. ಗ್ಲೌಸ್ ತೆಗೆಯಿರಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಗಾಯ ಹಿಂಡಬೇಡಿ, ಬಾಯಲ್ಲಿ ಚೀಪಬೇಡಿ, ಸ್ಪಿರಿಟ್ ಅಥವಾ ಬ್ಲೀಚಿಂಗ್ ನೀರು ಸುರಿಯಬೇಡಿ. ಕಣ್ಣಿಗೆ ರಕ್ತವೋ ಕೊಳಕು ನೀರೋ ಹಾರಿದ್ದರೆ ಬರೀ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಚುಚ್ಚಿದ ಹೊತ್ತು ಗಡಿಯಾರ ನೋಡಿ ಬರೆದುಕೊಳ್ಳಿ.

ಈಗ ನೇರ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. "ನಾನು ಕಸದ ಕೆಲಸ ಮಾಡ್ತೀನಿ, ಇಂಜೆಕ್ಷನ್ ಸೂಜಿ ಚುಚ್ಚಿದೆ, ಪಿಇಪಿ ಬೇಕಾ ನೋಡಿ" ಎಂದು ಇದೇ ಮಾತಿನಲ್ಲಿ ಹೇಳಿ. ಪಿಇಪಿ ಎಂದರೆ ಎಚ್‌ಐವಿ ಅಂಟದಂತೆ ತಡೆಯುವ ಮಾತ್ರೆ. ಎರಡು ಗಂಟೆಯೊಳಗೆ ಶುರು ಮಾಡಿದರೆ ತುಂಬಾ ಒಳ್ಳೆಯದು. 72 ಗಂಟೆ ದಾಟಿದರೆ ಪ್ರಯೋಜನ ಇಲ್ಲ. ಶುರು ಮಾಡಿದರೆ 28 ದಿನ ಬಿಡದೆ ನುಂಗಬೇಕು. ಬೇಕೋ ಬೇಡವೋ ಎಂದು ವೈದ್ಯರು ತೀರ್ಮಾನಿಸುತ್ತಾರೆ. ನೀವು ಮಾಡಬೇಕಾದ್ದು ಬೇಗ ಹೋಗುವುದು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗೆ ಅವತ್ತೇ ರಕ್ತ ಕೊಡಿ, ಹೇಳಿದ ದಿನಕ್ಕೆ ಮತ್ತೆ ಹೋಗಿ. ಹೆಪಟೈಟಿಸ್ ಲಸಿಕೆ ಆಗಿಲ್ಲದಿದ್ದರೆ ಅದನ್ನೂ ಹೇಳಿ, ಅದಕ್ಕೆ ಬೇರೆ ಇಂಜೆಕ್ಷನ್ ಇದೆ. ಸಂದೇಹ ಇದ್ದರೆ 1097ಕ್ಕೆ ಫೋನ್ ಮಾಡಿ, ಇದು ಎಚ್‌ಐವಿ ಮಾಹಿತಿಯ ಉಚಿತ ಸಹಾಯವಾಣಿ.

ಮೇಲ್ವಿಚಾರಕರಿಗೆ: ಗಾಯವಾದವರನ್ನು ಒಬ್ಬರನ್ನೇ ಕಳಿಸಬೇಡಿ. ಅರ್ಧ ದಿನದ ಸಂಬಳ ಕಡಿಯಬೇಡಿ. ಸಂಬಳ ಹೋಗುತ್ತೆ ಅನ್ನೋ ಭಯಕ್ಕೆ ಜನ ಗಾಯ ಮುಚ್ಚಿಡುತ್ತಾರೆ, ಎರಡು ಗಂಟೆ ಅಲ್ಲೇ ಕಳೆದುಹೋಗುತ್ತದೆ.

ಹೆಜ್ಜೆ 6: ಕಾಂಪ್ಯಾಕ್ಟರ್

ಹಿಂದೆ ಬಾಯಿ ತೆರೆದು ಕಸ ಒಳಗೆಳೆದುಕೊಳ್ಳುವ ಆ ತಗಡಿಗೆ ಬಾಳೆಕಂದು ಯಾವುದು, ತೋಳು ಯಾವುದು ಗೊತ್ತಾಗುವುದಿಲ್ಲ. ಕಸ ಸುರಿದು ಎರಡು ಹೆಜ್ಜೆ ಹಿಂದೆ ಬನ್ನಿ, ಆಮೇಲೆ ಬಟನ್ ಒತ್ತಲಿ. ಒತ್ತುವವರು ಮೊದಲು "ಹೊರಗೆ?" ಎಂದು ಕೂಗಬೇಕು, ಉಳಿದವರೆಲ್ಲ "ಹೊರಗೆ" ಎಂದ ಮೇಲೆ ಒತ್ತಬೇಕು. ಚೀಲವೋ ಹಗ್ಗವೋ ಸಿಕ್ಕಿಕೊಂಡರೆ ಯಂತ್ರ ನಿಲ್ಲಿಸಿ, ಉದ್ದನೆಯ ಕೊಕ್ಕೆಯಲ್ಲಿ ಎಳೆಯಿರಿ. ಕೈ ಹಾಕಲೇಬೇಕಾದ ರಿಪೇರಿ ಆದರೆ ಎಂಜಿನ್ ಆಫ್ ಆಗಿ, ಕೀ ಒಳಗೆ ಕೈ ಹಾಕುವವರ ಜೇಬಿನಲ್ಲಿ ಇರಬೇಕು. ಡ್ರೈವರ್ ಜೇಬಿನಲ್ಲಿ ಅಲ್ಲ. ಹಿಂದಿನ ಬಾಗಿಲು ಮೇಲೆತ್ತಿ ಕೆಲಸ ಮಾಡುವಾಗ ಕಬ್ಬಿಣದ ಆಧಾರ ಕಂಬಿ ಕೊಟ್ಟಿರಲೇಬೇಕು. ಹೈಡ್ರಾಲಿಕ್ ಪೈಪ್ ಒಡೆದರೆ ಬಾಗಿಲು ಅದೇ ಕ್ಷಣ ಕೆಳಗೆ ಬೀಳುತ್ತದೆ.

ಆಟೊದಿಂದ ಕಾಂಪ್ಯಾಕ್ಟರಿಗೆ ಕಸ ವರ್ಗಾಯಿಸುವ ಜಾಗದಲ್ಲಿ ತಲೆ ಎತ್ತಿ ನೋಡಿ. ಟಿಪ್ಪರ್ ತೊಟ್ಟಿ ಮೇಲೇಳುವ ಎತ್ತರಕ್ಕೆ ಕರೆಂಟ್ ತಂತಿ ಇದ್ದರೆ ಆ ಜಾಗವೇ ಬೇಡ.

ಹೆಜ್ಜೆ 7: ಹಿಂದಕ್ಕೆ ಬರುವ ಗಾಡಿ

ನಮ್ಮಲ್ಲಿ ಗಾಡಿ ಹಿಂದೆ ತರುವುದು ಎಂದರೆ "ಬರ್ಲಿ ಬರ್ಲಿ ಬರ್ಲಿ" ಎಂದು ಕೂಗುತ್ತಾ ಗಾಡಿಯ ಮೈ ತಟ್ಟುವುದು. ಡ್ರೈವರಿಗೆ ಆ ತಟ್ಟು ಬಾ ಅಂತಲೋ ನಿಲ್ಲು ಅಂತಲೋ ತಿಳಿಯದೆ ಎಷ್ಟೋ ಗೋಡೆ ಬಿದ್ದಿವೆ. ತಟ್ಟುವುದು ಬಿಡಿ. ಪ್ರತಿ ಗಾಡಿಗೂ ಒಂದು ಸೀಟಿ ಕೊಡಿ. ಬಸ್ಸಿನ ಕಂಡಕ್ಟರ್ ಕ್ರಮವೇ ಸಾಕು: ಒಂದು ಸೀಟಿ ನಿಲ್ಲು, ಎರಡು ಸೀಟಿ ಹೋಗು. ಸೀಟಿ ಊದುವವರು ಒಬ್ಬರೇ ಇರಬೇಕು, ಗಾಡಿಯ ನೇರ ಹಿಂದೆ ನಿಲ್ಲದೆ ಡ್ರೈವರ್ ಕನ್ನಡಿಯಲ್ಲಿ ಕಾಣುವ ಹಾಗೆ ಪಕ್ಕಕ್ಕೆ ನಿಂತಿರಬೇಕು. ಅವರು ಕನ್ನಡಿಯಿಂದ ಮರೆಯಾದ ತಕ್ಷಣ ಡ್ರೈವರ್ ಬ್ರೇಕ್ ಒತ್ತಬೇಕು, ಸೀಟಿ ಕೇಳಲಿ ಬಿಡಲಿ. ಕಸದ ಗಾಡಿ ಬಂದರೆ ಮಕ್ಕಳು ಹಿಂದೆ ಓಡಿ ಬರುತ್ತವೆ, ಅದೂ ನೆನಪಿರಲಿ.

ಚಲಿಸುವ ಗಾಡಿಯ ಕಸದ ಮೇಲೆ ಕೂತು, ಹಿಂದೆ ನೇತಾಡಿಕೊಂಡು ಯಾರೂ ಹೋಗಬಾರದು. ರಸ್ತೆಯ ಉಬ್ಬಿಗೆ ಹಾರಿ ಬೀಳಲು ಒಂದು ಕ್ಷಣ ಸಾಕು.

ಹೆಜ್ಜೆ 8: ಗುಂಡಿಗೆ ಇಳಿಯಬೇಡಿ

ಕಸದವರಿಗೆ ಮ್ಯಾನ್‌ಹೋಲ್ ಯಾಕೆ ಎಂದು ಕೇಳಬಹುದು. ಕಸ ಎತ್ತುವವರನ್ನೇ ಕರೆದು "ಹಾಗೇ ಇದನ್ನೂ ಸ್ವಲ್ಪ ನೋಡಿ, ಐನೂರು ಕೊಡ್ತೀವಿ" ಎನ್ನುವವರಿದ್ದಾರೆ. ಅಪಾರ್ಟ್‌ಮೆಂಟಿನಲ್ಲಿ ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ ತೊಟ್ಟಿ, ಸೆಪ್ಟಿಕ್ ಟ್ಯಾಂಕ್, ಬಯೋಗ್ಯಾಸ್ ಘಟಕ, ಕಸದಿಂದ ಇಳಿಯುವ ಕಪ್ಪು ನೀರಿನ ಗುಂಡಿ, ಎಲ್ಲದರ ಒಳಗೂ ಅದೇ ಗಾಳಿ ಇರುತ್ತದೆ.

ಆ ಗಾಳಿಯ ಹೆಸರು ಹೈಡ್ರೋಜನ್ ಸಲ್ಫೈಡ್. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅದು 100 ಭಾಗ ಮುಟ್ಟಿದರೆ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. ಒಳಗಿರುವವರು ವಾಸನೆ ಹೋಯ್ತು, ಗಾಳಿ ಸರಿಯಾಯ್ತು ಅಂದುಕೊಳ್ಳುತ್ತಾರೆ. 1000 ಭಾಗ ಮುಟ್ಟಿದರೆ ಒಂದೆರಡು ಉಸಿರಿಗೇ ಕುಸಿಯುತ್ತಾರೆ. ಈ ಅನಿಲ ಗಾಳಿಗಿಂತ ಭಾರ, ಅದಕ್ಕೇ ತಳದಲ್ಲಿ ಕೂತಿರುತ್ತದೆ. ಮೇಲಿನ ಕೆಸರು ಗಟ್ಟಿಯಾಗಿದ್ದು ಕಾಲಿಟ್ಟು ಕಲಕಿದಾಗ ಒಮ್ಮೆಲೇ ಹೊರಗೆ ಬರುತ್ತದೆ. ಬೆಂಕಿಕಡ್ಡಿ ಗೀರಿ ಇಳಿಸಿ ನೋಡುವ ಹಳೆಯ ಪದ್ಧತಿ ಇನ್ನೂ ಅಪಾಯ. ಒಳಗೆ ಮೀಥೇನ್ ಇದ್ದರೆ ಸಿಡಿಯುತ್ತದೆ.

ಒಬ್ಬರು ಒಳಗೆ ಬಿದ್ದರೆ ಮೇಲಿರುವವರ ಕಾಲು ತಾನಾಗೇ ಏಣಿಯ ಕಡೆ ಓಡುತ್ತದೆ. ಒಳಗಿರುವುದು ಅಣ್ಣನೋ, ಅದೇ ಊರಿನ ಗೆಳೆಯನೋ ಆಗಿರುತ್ತಾನೆ. ಹೀಗೆ ಇಳಿದ ಎರಡನೆಯವರು, ಮೂರನೆಯವರು ಅಲ್ಲೇ ಉಳಿದಿದ್ದಾರೆ. ಇಳಿಯಬೇಡಿ. ಎಲ್ಲಾ ಮುಚ್ಚಳ ತೆಗೆಯಿರಿ, ಬ್ಲೋವರ್ ಇದ್ದರೆ ಹೊರಗಿನ ಗಾಳಿ ಒಳಗೆ ಬಿಡಿ, 112ಕ್ಕೆ ಫೋನ್ ಮಾಡಿ ಅಗ್ನಿಶಾಮಕದವರು ಬೇಕೆಂದು ಹೇಳಿ. ಒಳಗಿನವರಿಗೆ ಹಗ್ಗದ ಬೆಲ್ಟ್ ಕಟ್ಟಿದ್ದರೆ ಮೇಲಿಂದ ಎಳೆಯಿರಿ.

ರಕ್ಷಣಾ ಸಾಧನ, ಮುಂಜಾಗ್ರತೆ ಇಲ್ಲದೆ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಜನರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾನೂನಿನ ಪ್ರಕಾರ ಅಪರಾಧ. ಮೊದಲ ಸಲಕ್ಕೆ 2 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಎರಡನೇ ಸಲ ಮಾಡಿದರೆ 5 ವರ್ಷ, 5 ಲಕ್ಷದವರೆಗೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿತು. ಅದಕ್ಕೆ ಮುಂಚೆ 2014ರ ತೀರ್ಪಿನಲ್ಲಿ ಅದು 10 ಲಕ್ಷ ಇತ್ತು. ಗುಂಡಿ ಸ್ವಚ್ಛ ಮಾಡುವ ಯಂತ್ರದ ಗಾಡಿ ಬೇಕಾದರೆ 14420 ಸಹಾಯವಾಣಿಗೆ ಫೋನ್ ಮಾಡಿ. ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲೇ ಸಚಿವ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. ಐವತ್ತು ವರ್ಷ ಕಳೆದ ಮೇಲೂ ಐನೂರು ರೂಪಾಯಿಗೆ ಮನುಷ್ಯರನ್ನು ಗುಂಡಿಗಿಳಿಸುತ್ತಾರೆ ಎನ್ನುವುದು ನನಗೆ ತಡೆಯಲಾಗದ ಸಿಟ್ಟು ತರಿಸುತ್ತದೆ.

ಹೆಜ್ಜೆ 9: ಬ್ಲೀಚಿಂಗ್, ಬ್ಯಾಟರಿ, ಪಟಾಕಿ

ಬ್ಲ್ಯಾಕ್ ಸ್ಪಾಟ್, ಅಂದರೆ ಜನ ಬೀದಿ ಬದಿ ಎಸೆದ ಕಸದ ರಾಶಿ ಎತ್ತಿದ ಮೇಲೆ ಬ್ಲೀಚಿಂಗ್ ಪುಡಿ ಎರಚುವುದು ರೂಢಿ. ಗಾಳಿ ಬೆನ್ನ ಹಿಂದಿನಿಂದ ಬರುವ ಹಾಗೆ ನಿಂತು, ಮಾಸ್ಕ್ ಮತ್ತು ಗ್ಲೌಸ್ ಹಾಕಿ, ಕೆಳಗೆ ಬಗ್ಗಿ ಉದುರಿಸಿ. ಟಾಯ್ಲೆಟ್ ತೊಳೆಯುವ ಆಸಿಡ್ ಚೆಲ್ಲಿರುವ ಕಡೆ ಹಾಕಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಶ್ವಾಸಕೋಶ ಸುಡುತ್ತದೆ. ಕಸದಲ್ಲಿ ಅರ್ಧ ತುಂಬಿದ ಆಸಿಡ್ ಬಾಟಲಿ ಸಿಕ್ಕರೆ ಬೇರೆ ಇಡಿ. ಚರ್ಮಕ್ಕೆ ಬಿದ್ದರೆ 20 ನಿಮಿಷ ನೀರು ಬಿಡಿ.

ಉಬ್ಬಿದ ಮೊಬೈಲ್ ಬ್ಯಾಟರಿ, ಪವರ್ ಬ್ಯಾಂಕ್ ಕಾಂಪ್ಯಾಕ್ಟರಿನಲ್ಲಿ ಒತ್ತಿದರೆ ಹೊತ್ತಿಕೊಳ್ಳುತ್ತವೆ. ಮರಳಿನ ಬಕೆಟ್ ಇದಕ್ಕೇ. ಸಿಕ್ಕ ತಕ್ಷಣ ಮರಳಿನಲ್ಲಿ ಹೂಳಿ. ಗಾಡಿಯಲ್ಲಿ ಹೊಗೆ ಕಂಡರೆ ಮನೆ, ಮರ, ತಂತಿಗಳಿಂದ ದೂರ ಬಯಲಿಗೆ ತಂದು ನಿಲ್ಲಿಸಿ ಇಳಿಯಿರಿ, 112ಕ್ಕೆ ಫೋನ್ ಮಾಡಿ. ಒಳಗೆ ಇಣುಕಬೇಡಿ.

ದೀಪಾವಳಿ ಮಾರನೇ ದಿನ ಅರ್ಧ ಸುಟ್ಟ ಪಟಾಕಿಗಳಿಗೆ ಮೊದಲು ನೀರು ಹೊಯ್ದು, ಆಮೇಲೆ ಗುಡಿಸಿ.

ಹೆಜ್ಜೆ 10: ಬಿಸಿಲು, ಮಳೆ, ನಾಯಿ

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಕಡೆ ಬಿಸಿಲಿಗೆ ಸರ್ಕಾರಿ ಕಚೇರಿಗಳ ಸಮಯವನ್ನೇ ಬದಲಿಸುತ್ತಾರೆ. ಫ್ಯಾನ್ ಕೆಳಗೆ ಕೂರುವವರಿಗೆ ಆ ರಿಯಾಯಿತಿ ಇದೆಯೆಂದರೆ ಬೀದಿಯಲ್ಲಿ ಕಸ ಎತ್ತುವವರಿಗೆ ಇರಲೇಬೇಕು. ಹನ್ನೊಂದರೊಳಗೆ ಹೊರಗಿನ ಕೆಲಸ ಮುಗಿಯಲಿ. ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿದರೆ ಓಆರ್‌ಎಸ್ ಇಲ್ಲದಾಗ ಸಾಕಾಗುತ್ತದೆ. ಚಮಚ ಎಂದರೆ ಟೀ ಚಮಚ, ಮಟ್ಟ ಮಾಡಿ ಅಳೆಯಿರಿ. ತಲೆ ಸುತ್ತಿ, ಮಾತು ತೊದಲಿದರೆ ನೆರಳಿಗೆ ತಂದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ ಆಸ್ಪತ್ರೆಗೆ ಕರೆದೊಯ್ಯಿರಿ.

ಹೆಣ್ಣುಮಕ್ಕಳು ನೀರು ಕುಡಿಯದಿರಲು ಬೇರೆ ಕಾರಣ ಇದೆ: ದಾರಿಯಲ್ಲಿ ಶೌಚಾಲಯ ಇಲ್ಲ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ತಡೆದುಕೊಳ್ಳುತ್ತಾರೆ, ಉರಿಮೂತ್ರ ಶುರುವಾಗುತ್ತದೆ. ಪ್ರತಿ ಮಾರ್ಗದಲ್ಲಿ ಎರಡು ಕಡೆ, ಸಾರ್ವಜನಿಕ ಶೌಚಾಲಯವೋ ಪೆಟ್ರೋಲ್ ಬಂಕೋ ಅಪಾರ್ಟ್‌ಮೆಂಟೋ, ಮಾತಾಡಿ ಗೊತ್ತು ಮಾಡಿಕೊಡಿ. ಮೇಲ್ವಿಚಾರಕ ಅರ್ಧ ದಿನ ಓಡಾಡಿದರೆ ಆಗುವ ಕೆಲಸ ಇದು.

ಮಳೆಗಾಲದಲ್ಲಿ ಇಲಿ ಜ್ವರ. ಇಲಿ ಮೂತ್ರ ಬೆರೆತ ನೀರು ಕಾಲಿನ ಬಿರುಕಿನಿಂದ ಒಳಗೆ ಹೋಗುತ್ತದೆ. ಜ್ವರದ ಜೊತೆ ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪಾದರೆ ಸುಮ್ನೆ ಮಾತ್ರೆ ನುಂಗಿ ಮಲಗಬೇಡಿ. ವೈದ್ಯರಿಗೆ ಮೊದಲ ಮಾತಿನಲ್ಲೇ "ಕಸದ ಕೆಲಸ ಮಾಡ್ತೀನಿ" ಅಂತ ಹೇಳಿ. ಅದು ಗೊತ್ತಾದರೆ ಅವರು ಇಲಿ ಜ್ವರವನ್ನೂ ಯೋಚಿಸುತ್ತಾರೆ.

ನಾಯಿ ಕಚ್ಚಿದರೆ, ಪರಚಿದರೂ ಸರಿ, 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ 0, 3, 7, 28ನೇ ದಿನ ಕೊಡುತ್ತಾರೆ. ರಕ್ತ ಬಂದಿದ್ದರೆ ಗಾಯದ ಸುತ್ತಲೂ ಇನ್ನೊಂದು ಇಂಜೆಕ್ಷನ್ ಬೇಕು, ಕೇಳಿ ಹಾಕಿಸಿಕೊಳ್ಳಿ.

ಹೆಜ್ಜೆ 11: ಕೆಲಸದ ನಡುವೆ ಮತ್ತು ಮುಗಿದ ಮೇಲೆ

ವಾಸನೆ ತಡೆಯಲು ಎಲೆ ಅಡಿಕೆ, ಹೊಗೆಸೊಪ್ಪು ಬಾಯಿಗೆ ಹಾಕಿಕೊಳ್ಳುವವರು ಜಾಸ್ತಿ. ಕಸದ ಕೈ ದಿನಕ್ಕೆ ಹತ್ತು ಸಲ ಬಾಯಿಗೆ ಹೋಗುತ್ತದೆ. ಬಯ್ಯುವುದರಿಂದ ಇದು ಬಿಡುವುದಿಲ್ಲ. ತಿಂಡಿಗೆ ಮುಂಚೆ ಕೈ ತೊಳೆಯಲು ನೀರು, ಸೋಪು ಕಣ್ಣೆದುರು ಇಡಿ. ಮೊದಲು ಗ್ಲೌಸನ್ನು ಕೈಯಲ್ಲಿದ್ದಂತೇ ತೊಳೆದು, ಆಮೇಲೆ ಒಳಭಾಗ ಹೊರಗೆ ಬರುವಂತೆ ತೆಗೆದು, ಕೊನೆಗೆ ಕೈ ತೊಳೆಯಬೇಕು.

ಸಮವಸ್ತ್ರ ಹಾಕಿಕೊಂಡೇ ಮನೆಗೆ ಹೋಗದ ಹಾಗೆ ಹಾಜರಿ ಹಾಕುವ ಮಸ್ಟರಿಂಗ್ ಸೆಂಟರಿನಲ್ಲಿ ಸ್ನಾನದ ಕೋಣೆ, ಬಟ್ಟೆ ಬದಲಿಸುವ ಜಾಗ ಇರಬೇಕು. ಇಲ್ಲದಿದ್ದರೆ ಒಟ್ಟಾಗಿ ಬರೆದು ಕೇಳಿ. ಅಲ್ಲಿವರೆಗೆ ಮನೆಯ ಬಟ್ಟೆ ಜೊತೆ ಸೇರಿಸದೆ ಒಗೆಯಿರಿ.

ಹೆಜ್ಜೆ 12: ಒಂದು ನೋಟ್‌ಬುಕ್

ಗಾಯ ಆದರೆ ಬರೆಯುವ ಅಪಘಾತ ಪುಸ್ತಕ ಬೇರೆ. ಅದು ಕಡ್ಡಾಯ, ಪರಿಹಾರಕ್ಕೆ ಅದೇ ಆಧಾರ. ನಾನು ಹೇಳುತ್ತಿರುವುದು ಗಾಯ ಆಗದೆ ತಪ್ಪಿಹೋದದ್ದನ್ನು ಬರೆಯುವ ಪುಸ್ತಕ. ಎಂಬತ್ತು ಪುಟದ ಮಾಮೂಲಿ ನೋಟ್‌ಬುಕ್ ಸಾಕು. ಬರೆಯಲು ಬಾರದವರು ಹೇಳಲಿ, ಮೇಲ್ವಿಚಾರಕ ಬರೆದುಕೊಳ್ಳಲಿ. ಯಾರ ತಪ್ಪು ಎಂದು ಬರೆಯಬಾರದು, ಹಾಗೆ ಬರೆದ ದಿನದಿಂದ ಯಾರೂ ಬಾಯಿ ಬಿಡುವುದಿಲ್ಲ. ದಿನ, ಜಾಗ, ಏನಾಯಿತು, ನಾಳೆ ಏನು ಮಾಡೋಣ, ಇಷ್ಟೇ.

ನಮ್ಮ ಪುಸ್ತಕದ ಒಂದು ಪುಟ ಹೀಗಿತ್ತು: "ಮಂಗಳವಾರ. ಮೂರನೇ ಅಡ್ಡರಸ್ತೆ, ಕ್ಲಿನಿಕ್ ಪಕ್ಕ. ಕಪ್ಪು ಚೀಲದಲ್ಲಿ ಎರಡು ಸೂಜಿ, ಒಂದು ಸಲೈನ್ ಪೈಪು. ಯಾರಿಗೂ ಚುಚ್ಚಿಲ್ಲ." ಬುಧವಾರ ಬೆಳಗ್ಗೆ ಹಾಜರಿ ಹೊತ್ತಿಗೆ ಇದನ್ನು ಓದಿ ಹೇಳಿದೆ. ಆ ಕ್ಲಿನಿಕ್ಕಿಗೆ ಹೋಗಿ, ಆಸ್ಪತ್ರೆಯ ಕಸವನ್ನು ಮನೆ ಕಸದ ಜೊತೆ ಸೇರಿಸುವುದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಕ್ಕೆ ವಿರುದ್ಧ ಎಂದು ಹೇಳಿದೆ. ಅಲ್ಲಿದ್ದ ನರ್ಸ್ ಚೀಲ ನೋಡಿ ಗಾಬರಿಯಾದರು, ಹೊಸದಾಗಿ ಬಂದ ಆಯಾಗೆ ಯಾರೂ ಹೇಳಿಕೊಟ್ಟಿರಲಿಲ್ಲವಂತೆ. ಸೂಜಿಗೆ ಬಿಳಿ ಡಬ್ಬ, ಪೈಪಿಗೆ ಕೆಂಪು ಚೀಲ ಅವತ್ತೇ ಶುರುವಾಯಿತು. ಮೊದಲು ಸೂಜಿ ಚುಚ್ಚಿಸಿಕೊಂಡಿದ್ದ ಆ ಅಕ್ಕನದೂ ಅದೇ ಮಾರ್ಗ. ಗುರುವಾರ ಅವರೇ ಆ ಕ್ಲಿನಿಕ್ಕಿನ ಮುಂದೆ ನಿಂತು, ಚೀಲವನ್ನು ಶೂ ತುದಿಯಿಂದ ತಳ್ಳಿ ನೋಡಿ, ಕತ್ತು ಹಿಡಿದು ಎತ್ತಿದರು.